ಗುಜರಿಯವನಿಗೆ ಜೀಪು ಯಾಕ ಕೊಡಲಿಲ್ಲ

ಈ ಸಲ ಬೆಳಿ ಬಿಟ್ಟು ಗಾಡಿ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಅದ, ಪುರಸೊತ್ತು ಇದ್ದಾಗ ಓದ್ರಿ.

ತೊಗರಿ ರಾಶಿ ಮುಗಿದ ಮರುವಾರ ಒಬ್ಬ ಗುಜರಿಯವ ನಮ್ಮ ಅಂಗಳಕ್ಕ ಬಂದ. ಬೇವಿನ ಗಿಡದ ಕೆಳಗ ನಿಂತಿದ್ದ ಜೀಪಿನ ಸುತ್ತ ಎರಡು ಸಲ ತಿರುಗಿದ. ಬಗ್ಗಿ ಚಾಸಿಗೆ ಕಲ್ಲಿನಿಂದ ಕುಟ್ಟಿ ನೋಡಿದ. ಆಮ್ಯಾಲ ಕಿಲೋ ಲೆಕ್ಕದಾಗ ರೇಟು ಹೇಳಿದ. 1981ರ ಡೀಸಲ್ ಜೀಪು, ನಮ್ಮಪ್ಪ ತಂದದ್ದು. ನನ್ನ ಮಗ ಬಾಜೂಕೇ ನಿಂತಿದ್ದ. "ಅಪ್ಪಾ, ಕೊಟ್ಟುಬಿಡು. ಇದರ ಹಿಂದ ಬಿದ್ದು ನಿನ್ನ ಭಾನುವಾರ ಎಲ್ಲಾ ಹೋಗ್ಯಾವ" ಅಂದ.

ಅವನ ಮಾತಿನಾಗ ತಪ್ಪಿಲ್ಲ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರು-ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹಸಿರು ತೆರಿಗೆ, ಇನ್ಶೂರೆನ್ಸ್ ಬ್ಯಾರೆ. ಹೊಸ ಗಾಡಿ ಕೊಡೋ ಮೈಲೇಜು ಇದು ಕೊಡಲ್ಲ, ಹೊಗಿ ಬಿಡ್ತದ, ಕೂತವರ ಸೊಂಟ ಮುರೀತದ. ಲೆಕ್ಕ ಹಾಕಿದರ ಗುಜರಿಯವನದೇ ಸರಿ. ಆದರೂ ನಾನು ಅವನಿಗೆ ಚಹಾ ಕುಡಿಸಿ ಕಳಿಸಿದೆ. ಯಾಕಂತ ಮಗ ಕೇಳಿದ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆದೀನಿ.

ಮೊದಲು ಈ ಗಾಡಿ ಯಾಕ ಹುಟ್ಟಿತು ಅನ್ನೋದು ನೋಡೋಣ. 1940ರಲ್ಲಿ ಯುರೋಪಿನ ಯುದ್ಧ ಜೋರಾಗಿದ್ದಾಗ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಒಂದು ಹಗುರ ಗಾಡಿ ಬೇಕು, ಮಾದರಿ 49 ದಿನದಲ್ಲಿ ಕೊಡಬೇಕು ಎಂದು ಕೇಳಿತು. ಆ ಗಡುವಿನೊಳಗೆ ಮಾದರಿ ತಂದು ನಿಲ್ಲಿಸಿದ್ದು ಬ್ಯಾಂಟಮ್ ಎನ್ನುವ ಸಣ್ಣ ಕಂಪನಿ. ನಕ್ಷೆ ಬರೆದವರು ಕಾರ್ಲ್ ಪ್ರಾಬ್ಸ್ಟ್. ಆದರೆ ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲಿಸ್ ಕಂಪನಿಗೆ. ಅವರ ಹತ್ತಿರ 2.2 ಲೀಟರಿನ, 60 ಅಶ್ವಶಕ್ತಿಯ ಗಟ್ಟಿ ಎಂಜಿನ್ ಇತ್ತು. ಬೇಡಿಕೆ ಹೆಚ್ಚಾದಾಗ ಫೋರ್ಡ್ ಕಂಪನಿಯೂ ಅದೇ ನಕ್ಷೆಯಂತೆ ಮಾಡತೊಡಗಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಹೊರಗೆ ಬಿಟ್ಟಿದ್ದರು.

ಇಲ್ಲಿ ಒಂದು ಮಾತು ನೆನಪಿಡ್ರಿ. ವಿಲ್ಲಿಸ್ ಗಾಡಿಯ ಸಾಮಾನು ಫೋರ್ಡ್ ಗಾಡಿಗೆ ಹತ್ತಬೇಕು ಅನ್ನೋದು ಸೈನ್ಯದ ಕರಾರು. ರಣರಂಗದಾಗ ಕೆಟ್ಟು ನಿಂತ ಎರಡು ಜೀಪು ಬಿಚ್ಚಿ ಒಂದು ಓಡೋ ಜೀಪು ಮಾಡಬೇಕಲ್ಲ, ಅದಕ್ಕ. ಇನ್ನೊಂದು, ಸೈನ್ಯದ ಕೈಪಿಡಿಯಲ್ಲಿ ರಿಪೇರಿ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿದ್ದರು. ಮೊದಲ ಮೆಟ್ಟಿಲು ಓಡಿಸುವವನದು: ಎಣ್ಣೆ, ನೀರು, ಗಾಳಿ ನೋಡುವುದು, ಸಡಿಲಾದ ನಟ್ಟು ಬಿಗಿಯುವುದು, ಎಲ್ಲಿ ಸೋರುತ್ತದೆ ಎಂದು ಬಗ್ಗಿ ನೋಡುವುದು. ಎರಡನೆಯದು ಅವನ ತುಕಡಿಯ ಮೆಕ್ಯಾನಿಕ್‌ನದು. ಅದರ ಮೇಲಿನದು ದೊಡ್ಡ ವರ್ಕ್‌ಶಾಪಿನದು. ಗಾಡಿ ಓಡಿಸೋವನೇ ಅದರ ಮೊದಲ ಮಿಸ್ತ್ರಿ ಅನ್ನೋದು ಹಿಂಗ ಜೀಪಿನ ಜೊತಿಗೇ ಹುಟ್ಟಿದ ನಿಯಮ. ಬಡತನಕ್ಕ ನಾವು ಮಾಡಿಕೊಂಡ ಉಪಾಯ ಅಲ್ಲ ಅದು.

ಯುದ್ಧ ಮುಗಿದ ಮೇಲೆ ವಿಲ್ಲಿಸ್ ಕಂಪನಿಗೆ ಗಿರಾಕಿ ಬೇಕಾಯಿತು. 1945ರಲ್ಲೇ ಸಿಜೆ-2ಎ ಎನ್ನುವ ನಾಗರಿಕ ಜೀಪು ತಂದರು. ಸಿಜೆ ಎಂದರೆ ಸಿವಿಲಿಯನ್ ಜೀಪ್. ಅದನ್ನು ಮಾರಲು ಹೊರಟದ್ದು ಮೊದಲು ರೈತರಿಗೆ. ಹಿಂದೆ ನೇಗಿಲು ಕಟ್ಟಬಹುದು, ಪಟ್ಟಾ ಹಾಕಿ ಯಂತ್ರ ತಿರುಗಿಸಬಹುದು, ಸಂಜೆಗೆ ಅದೇ ಗಾಡಿಯಲ್ಲಿ ಪೇಟೆಗೆ ಹೋಗಬಹುದು ಎಂದು ಜಾಹೀರಾತು ಮಾಡಿದರು. ಜೀಪು ಟ್ರ್ಯಾಕ್ಟರಿನ ಜಾಗ ತುಂಬಲಿಲ್ಲ. ಒಂದು ಗಾಡಿಗೆ ಎರಡೂ ಕೆಲಸ ಆಗಲಿಲ್ಲ. ಆದರ ಜೀಪಿಗೂ ಟ್ರ್ಯಾಕ್ಟರಿಗೂ ಇರೋ ನೆಂಟಸ್ತನ ಅಲ್ಲಿಗೇ ಮುಗೀಲಿಲ್ಲ. ಅದು ನಮ್ಮ ದೇಶಕ್ಕ ಬಂದ ಮ್ಯಾಲ ಉಲ್ಟಾ ಆಯ್ತು. ಅದನ್ನ ಮುಂದ ಹೇಳ್ತೀನಿ.

1945ರ ಅಕ್ಟೋಬರ್ 2ರಂದು ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಕಂಪನಿ ಶುರುವಾಯಿತು. ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಅಣ್ಣತಮ್ಮಂದಿರು, ಜೊತೆಗೆ ಮಲಿಕ್ ಗುಲಾಮ್ ಮೊಹಮ್ಮದ್. ಈ ಗುಲಾಮ್ ಮೊಹಮ್ಮದ್ ನಮ್ಮ ಭಾಗಕ್ಕೆ ಹೊರಗಿನವರಲ್ಲ. ಅದಕ್ಕೂ ಮೊದಲು ನಿಜಾಮರ ಸರ್ಕಾರದಲ್ಲಿ ಹಣಕಾಸಿನ ಕೆಲಸ ನೋಡಿದವರು. ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೇ ಇತ್ತು. ದೇಶ ಒಡೆದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾಯಿತು. 1940ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದಿಂದ ಬಿಡಿಬಿಡಿಯಾಗಿ ಬಂದ ವಿಲ್ಲಿಸ್ ಜೀಪನ್ನು ಮುಂಬೈಯಲ್ಲಿ ಜೋಡಿಸಲು ಹತ್ತಿದರು.

ಅದೇ 1948ರ ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾಗಿ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಸೊಲ್ಲಾಪುರದ ಕಡೆಯಿಂದ ಸೈನ್ಯ ಒಳಗೆ ಬಂತು. ನಮ್ಮ ಅಜ್ಜ ಸಾಯೋತನಕ ಯಾವ ಜೀಪು ಕಂಡರೂ "ಮಿಲಿಟ್ರಿ ಗಾಡಿ" ಅಂತಿದ್ದ. ಆ ವರ್ಷವೇ ಜೀಪಿನ ಹೆಸರಿನಲ್ಲಿ ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಆಯಿತು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೈನ್ಯಕ್ಕಾಗಿ ಬಳಸಿದ ಜೀಪುಗಳನ್ನು ತರಿಸಲು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಬಂದು ಮುಟ್ಟಿದ್ದು 155 ಜೀಪು. ಅವೂ ಕೆಲಸಕ್ಕೆ ಬರುವುದಿಲ್ಲ ಎಂದು ಸೈನ್ಯ ಹೇಳಿತು. ಸಂಸತ್ತಿನಲ್ಲಿ ಗದ್ದಲವಾಗಿ, ಕಡೆಗೆ 1955ರಲ್ಲಿ ಸರ್ಕಾರ ಆ ಕಡತ ಮುಚ್ಚಿತು. ಹಳೆ ಗಾಡಿ ಕೊಳ್ಳೋರಿಗೆ ನಾನು ಇವತ್ತಿಗೂ ಈ ಕಥಿ ಹೇಳ್ತೀನಿ. ಕೆಳಗ ಮಲಗಿ ನೋಡಲಾರದ ಜೀಪಿಗೆ ರೊಕ್ಕ ಕೊಡಬ್ಯಾಡ್ರಿ.

ಹಳ್ಳಿಗೆ ಜೀಪು ಪರಿಚಯವಾದದ್ದು ಸರ್ಕಾರದ ಗಾಡಿಯಾಗಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಬ್ಲಾಕಿಗೊಬ್ಬ ಬಿಡಿಓ ಬಂದ, ಅವನ ಹಿಂದ ಜೀಪು ಬಂತು. ಗೊಬ್ಬರ, ಬೀಜ, ಬಾವಿ ಸಾಲ, ಬರದ ತಪಾಸಣೆ, ಏನೇ ಬಂದರೂ ಜೀಪಿನಾಗ ಬಂತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದು ಬದಲಾಗಲಿಲ್ಲ. ಕಚೇರಿಯಲ್ಲಿ ಸವೆದ ಜೀಪು ಹರಾಜಿಗೆ ಬಂದಾಗ ಅನುಕೂಲಸ್ಥ ರೈತರು, ಗುತ್ತಿಗೆದಾರರು ಹಿಡಿದರು. ಹಂಗಾಗಿ ನಮ್ಮ ಭಾಗಕ್ಕ ಬಂದ ಎಷ್ಟೋ ಜೀಪು ಮೊದಲ ದಿನದಿಂದಲೇ ಹಳೆಯವು, ರಿಪೇರಿ ಬೇಡುವಂಥವು.

ಈಗ ನೆಂಟಸ್ತನದ ಮಾತು. 1963ರಲ್ಲಿ ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದವು. ಅಲ್ಲಿಂದ ಹೊರಬಂದದ್ದು ಬಿ-275 ಟ್ರ್ಯಾಕ್ಟರ್. ನಮ್ಮ ಕಡಿ ಇಂದಿಗೂ ಹಿರಿಯರು ಅದನ್ನ "ಇಂಟರ್‌ನ್ಯಾಷನಲ್" ಅಂತಲೇ ಕರೀತಾರ. 1977ರಲ್ಲಿ ಆ ಟ್ರ್ಯಾಕ್ಟರ್ ಕಂಪನಿ ಮಹೀಂದ್ರಾದೊಳಗೇ ವಿಲೀನವಾಯಿತು.

ನಡುವೆ 1973 ಬಂತು. ಅರಬ್ ದೇಶಗಳು ಎಣ್ಣೆ ತಡೆದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟು ಹತ್ತಿರ ಹೋಯಿತು. ಪೆಟ್ರೋಲ್ ಜೀಪು ಇಟ್ಟುಕೊಂಡವರು ಅದನ್ನ ಮನೆ ಮುಂದ ನಿಲ್ಲಿಸಿ ಮ್ಯಾಲ ತಾಡಪತ್ರಿ ಹೊದಿಸೋ ಹಂಗಾಯಿತು. ಆಗ ಮಹೀಂದ್ರಾದವರು ತಮ್ಮ ಕೈಯಲ್ಲಿದ್ದ ಟ್ರ್ಯಾಕ್ಟರ್ ಎಂಜಿನ್ನಿನ ಮನೆತನದ ಸುಮಾರು 2,350 ಸಿಸಿ ಡೀಸಲ್ ಎಂಜಿನ್ ಅನ್ನು ಜೀಪಿಗೆ ಕೂಡಿಸಿದರು. ನಮ್ಮ ಸಿಜೆ 500ಡಿ ಅದೇ ಪೈಕಿ. ಅಮೆರಿಕದಾಗ ಜೀಪನ್ನ ಟ್ರ್ಯಾಕ್ಟರ್ ಮಾಡಲಿಕ್ಕ ಹೋಗಿದ್ರು. ಇಲ್ಲಿ ಟ್ರ್ಯಾಕ್ಟರಿನ ಎಂಜಿನ್ ತಂದು ಜೀಪಿನ ಬಾನೆಟ್ ಕೆಳಗ ಇಟ್ರು.

ಇದರಿಂದ ಏನಾತಂದ್ರ, ಊರ ಟ್ರ್ಯಾಕ್ಟರ್ ಮಿಸ್ತ್ರಿಗೆ ಜೀಪು ಬಂತು. ಎಲ್ಲ ಸಾಮಾನೂ ಇದರದು ಅದಕ್ಕ ಹತ್ತಲ್ಲ. ಆದರ ಎಂಜಿನ್ನಿನ ಸ್ವಭಾವ ಒಂದೇ. ಡೀಸಲ್ ಲೈನಿಗೆ ಗಾಳಿ ಹೊಕ್ಕರ ಫಿಲ್ಟರಿನ ಸ್ಕ್ರೂ ಸಡಿಲ ಮಾಡಿ, ಕೈ ಪಂಪು ಒತ್ತಿ, ಗುಳ್ಳಿ ನಿಂತ ಮ್ಯಾಲ ಬಿಗಿಯೋದು, ಆಮ್ಯಾಲ ನಾಜಲ್ ಪೈಪಿನ ನಟ್ಟು ಒಂದೊಂದಾಗಿ ನೋಡೋದು: ಟ್ರ್ಯಾಕ್ಟರಿನ ಮ್ಯಾಲ ಈ ಕೆಲಸ ಕಲಿತ ಕೈಗೆ ಜೀಪಿನ ಮ್ಯಾಲ ಹೊಸದೇನೂ ಕಲಿಯೋದಿರಲಿಲ್ಲ. ಕಂಪನಿ ಶೋರೂಮ್ ಎಷ್ಟೋ ದೂರ ಇದ್ದ ಕಾಲದಾಗ ಕಮಲಾಪುರದ ಸುತ್ತಲಿನ ಹಳ್ಳಿಯಾಗ ಜೀಪು ಓಡಿದ್ದು ಈ ಕಾರಣಕ್ಕ. ನಾನು ಕಂಡಂಗ ಗಾಡಿ ಗಟ್ಟಿ ಇತ್ತು ಅನ್ನೋದು ಅರ್ಧ ಮಾತು. ಅದನ್ನ ಬಿಚ್ಚಬಲ್ಲ ಕೈ ಹತ್ತಿರದಾಗ ಇತ್ತು ಅನ್ನೋದು ಇನ್ನರ್ಧ.

ಈಗ ನನ್ನ ಸ್ವಂತ ತಪ್ಪಿನ ಕಥಿ. ಸೈನ್ಯದ ಆ ಮೂರು ಮೆಟ್ಟಿಲು ನನಗ ಸರಿಯಾಗಿ ತಿಳಿದದ್ದು ಅವತ್ತು.

ಹಳೆ ಜೀಪಿನ ಹ್ಯಾಂಡ್‌ಬ್ರೇಕು ಗಾಲಿ ಹಿಡಿಯಲ್ಲ. ಗೇರ್‌ಬಾಕ್ಸಿನ ಹಿಂದ ಹೈ-ಲೋ ಗೇರಿನ ಪೆಟ್ಟಿಗಿ ಅದ ನೋಡ್ರಿ, ಅಲ್ಲಿಂದ ಹಿಂದಿನ ಗಾಲಿಗೆ ಹೋಗೋ ಶಾಫ್ಟಿನ ಬುಡದಾಗ ಒಂದು ಸಣ್ಣ ಡ್ರಮ್ ಇರ್ತದ. ಹ್ಯಾಂಡ್‌ಬ್ರೇಕು ಹಿಡಿಯೋದು ಆ ಡ್ರಮ್ಮನ್ನ. ಕಾಲಿನ ಬ್ರೇಕಿನ ಎಣ್ಣಿ ನಾಲ್ಕೂ ಗಾಲಿಗೆ ಒಂದೇ ಲೈನಿನಾಗ ಹೋಗ್ತದ, ಒಂದು ಪೈಪು ಒಡೆದ್ರ ನಾಲ್ಕೂ ಹೋದವು. ಆಗ ಉಳಿಯೋದು ಈ ಸಣ್ಣ ಡ್ರಮ್ ಒಂದೇ.

ನಮ್ಮ ಜೀಪಿನಾಗ ಆ ಡ್ರಮ್ಮಿನ ಒಳಗಿನ ಆಯಿಲ್ ಸೀಲ್ ಸೋರಲಿಕ್ಕ ಹತ್ತಿತ್ತು. ಗೇರ್ ಎಣ್ಣಿ ಹನಿಹನಿಯಾಗಿ ಬ್ರೇಕಿನ ಲೈನರಿಗೆ ಹತ್ತುತ್ತಿತ್ತು. ನಾನು ಕೆಳಗ ಎಣ್ಣಿ ಕಲೆ ನೋಡಿದ್ದೆ. "ಹಳೆ ಗಾಡಿ, ಸೋರೋದೇ" ಅಂತ ಬಿಟ್ಟಿದ್ದೆ. ಒಂದಿನ ಬಾಳಿ ತೋಟದ ಇಳಿಜಾರಿನಾಗ ಹ್ಯಾಂಡ್‌ಬ್ರೇಕು ಎಳೆದು, ಗೇರ್ ಹಾಕದೆ ಇಳಿದೆ. ತಮ್ಮನ ಸಣ್ಣ ಹುಡುಗ ಆಗಷ್ಟೇ ಹಿಂದಿನಿಂದ ಜಿಗಿದು ಗೊನಿ ಎಣಿಸ್ಲಿಕ್ಕ ಓಡಿದ್ದ. ಜೀಪು ಸಪ್ಪಳ ಇಲ್ಲದಂಗ ಹಿಂದಕ್ಕ ಉರುಳಿತು. ಹುಡುಗ ನಿಂತಿದ್ದ ಜಾಗ ದಾಟಿ, ಕೆಳಗಿನ ಒಡ್ಡಿಗೆ ಹಿಂಬದಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರ ಆ ರಾತ್ರಿ ನನಗ ನಿದ್ದಿ ಬರಲಿಲ್ಲ.

ಮರುದಿನ ಮೊದಲ ಮೆಟ್ಟಿಲಿನ ಕೆಲಸ ಮಾಡಿದೆ. ಶಾಫ್ಟ್ ಇಳಿಸಿ, ಡ್ರಮ್ ಬಿಚ್ಚಿ, ಹೊಸ ಸೀಲ್ ಹಾಕಿದೆ, ಲೈನರ್ ಬದಲಿಸಿದೆ. ಹದಿನೈದು ದಿನಕ್ಕ ಮತ್ತ ಹನಿ. ಇನ್ನೊಂದು ಸೀಲ್ ತಂದು ಹಾಕಿದೆ, ಮತ್ತ ಹನಿ. ಊರ ಟ್ರ್ಯಾಕ್ಟರ್ ಮಿಸ್ತ್ರಿ ಬಂದು ನೋಡಿ, "ಪೆಟ್ಟಿಗಿಯಾಗ ಎಣ್ಣಿ ಜಾಸ್ತಿ ಆಗ್ಯಾದ" ಅಂತ ಲೆವೆಲ್ ಸರಿ ಮಾಡಿದ. ಹನಿ ಕಡಿಮಿ ಆಯ್ತು, ನಿಲ್ಲಲಿಲ್ಲ. ಅವನೇ ಹೇಳಿದ, "ಮಾಲಕ್ರ, ಇದು ನನ್ನ ಕೈ ಮೀರಿದ್ದು. ಮೋಮಿನಪುರಕ್ಕ ಒಯ್ರಿ."

ಕಲಬುರಗಿಯ ಮೋಮಿನಪುರ ಹೊರಗಿನವರಿಗೆ ಒಂದು ಬಡಾವಣೆಯ ಹೆಸರು ಅಷ್ಟೇ. ಮೋಮಿನ್ ಅಂತ ನೇಯ್ಗೆ ಕಸುಬಿನ ಮುಸ್ಲಿಮರನ್ನೂ ಕರೀತಾರ. ನನ್ನ ಪಾಲಿಗೆ ಮೋಮಿನಪುರ ಅಂದ್ರ ಒಂದು ಓಣಿ, ಆ ಓಣಿಯಾಗ ತಗಡಿನ ಚಪ್ಪರ, ಚಪ್ಪರದ ಕೆಳಗ ಒಂದು ಹಳೆ ಲೇತ್ ಮಶೀನು, ಅದರ ಮುಂದ ಕೂಡೋ ನಮ್ಮ ಉಸ್ತಾದ್. ಅಪ್ಪನ ಕಾಲದಿಂದ ನಮ್ಮ ಗಾಡಿ ಅವರಿಗೆ ಗೊತ್ತು. ನಾನು ಎರಡು ಹೊಸ ಸೀಲು ಅವರ ಮುಂದ ಇಟ್ಟೆ. ಅವರು ಅವನ್ನ ಮುಟ್ಟಲೇ ಇಲ್ಲ. "ತಮ್ಮಾ, ಸೀಲ್‌ದು ಏನ್ ತಪ್ಪಿಲ್ಲ. ಯೋಕ್ ಕೊಡು" ಅಂದ್ರು.

ಯೋಕ್ ಅಂದ್ರ ಶಾಫ್ಟ್ ಬಂದು ಕೂಡೋ ಕಬ್ಬಿಣದ ತುಂಡು. ಸೀಲಿನ ರಬ್ಬರಿನ ತುಟಿ ಅದರ ಮೈ ಮ್ಯಾಲೆ ತಿರುಗ್ತಿರ್ತದ. ಉಸ್ತಾದ್ ಅದನ್ನ ಬಟ್ಟಿಯಿಂದ ಒರೆಸಿ, ಹೆಬ್ಬೆರಳಿನ ಉಗುರು ಅಡ್ಡ ಎಳೆದರು. ಟಕ್ಕಂತ ಉಗುರು ನಿಂತಿತು. ನನ್ನ ಬೆರಳು ಹಿಡಿದು ಅಲ್ಲೇ ಎಳೆಸಿದರು. ಸಣ್ಣ ಗೀರು, ಕಣ್ಣಿಗೆ ಸರಿಯಾಗಿ ಕಾಣದಂಥದು. ವರ್ಷಗಟ್ಟಲೆ ಎರಿ ಮಣ್ಣಿನ ಧೂಳು ಸೀಲಿನ ತುಟಿಗೆ ಹತ್ತಿ ಕಬ್ಬಿಣವನ್ನೇ ಕೊರೆದಿತ್ತು. ಹೊಸ ಸೀಲು ಎಷ್ಟು ಹಾಕಿದರೂ ಎಣ್ಣಿಗೆ ಆ ಗೀರು ಕಾಲುವಿ ಇದ್ದಂಗ. ಅವರು ಯೋಕ್ ಲೇತಿಗೆ ಕಟ್ಟಿ ಮೈ ತೆಳ್ಳಗ ತಾಸಿ, ಅದರ ಮ್ಯಾಲೆ ಉಕ್ಕಿನ ಬುಷ್ ಬಿಗಿಯಾಗಿ ಕೂಡಿಸಿ, ಮತ್ತ ಅಳತಿಗೆ ತಂದು ಪಾಲಿಶ್ ಹೊಡೆದರು. ಅದೇ ಹಳೆ ಸೀಲು ಹಾಕಿದೆ. ಆರು ಮಳೆಗಾಲ ಆಯ್ತು, ಹನಿ ಇಲ್ಲ.

ಮನಿ, ಊರ ಮಿಸ್ತ್ರಿ, ಮೋಮಿನಪುರ. ಕೈಪಿಡಿಯ ಮೆಟ್ಟಿಲುಗಳು ನಮ್ಮಲ್ಲಿ ಯಾರೂ ಬರೆದಿಡದೇನೇ ಇದ್ದವು. ಒಂದು ಮೆಟ್ಟಿಲು ತನ್ನ ಕೈ ಮೀರಿದಾಗ ಮುಂದಿನ ಮೆಟ್ಟಿಲಿನ ಹೆಸರು ಹೇಳ್ತಿತ್ತು, ಅಷ್ಟೇ ವ್ಯವಸ್ಥಾ.

ಮನಿಯಾಗೇ ಮಾಡೋ ಕೆಲಸ ಏನೇನು ಅಂತ ಬಹಳ ಮಂದಿ ಕೇಳ್ತಾರ. ನಾವು ಮಾಡೋದು ಇಷ್ಟು. ಮಳೆಗಾಲದಾಗ ಎರಿ ಹೊಲದ ರಾಡಿಯೊಳಗ ಹೋಗಿ ಬಂದ ದಿನವೇ ಕೆಳಭಾಗ ನೀರು ಹೊಡೆದು ತೊಳೀತೀವಿ. ಆ ಮಣ್ಣು ಒಣಗಿದ್ರ ಸಿಮೆಂಟು. ತೊಳೆದ ಮ್ಯಾಲ ಗ್ರೀಸ್ ಗನ್ ಹಿಡಿದು ಶಾಫ್ಟಿನ ಕ್ರಾಸ್, ಕಮಾನ್‌ಪಟ್ಟಿಯ ಪಿನ್ನು, ಸ್ಟೇರಿಂಗ್ ಜಾಯಿಂಟು, ಎಲ್ಲಾ ಕಡಿ ಹೊಸ ಗ್ರೀಸ್ ಹೊರಗ ಇಣುಕೋತನಕ ಹೊಡೀತೀವಿ. ಹಳ್ಳದ ನೀರು ದಾಟಿದ್ರ ಮರುದಿನ ಹಿಂದು-ಮುಂದಿನ ಹೌಸಿಂಗಿನ ಎಣ್ಣಿ ನೋಡ್ತೀವಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ರ ನೀರು ಹೊಕ್ಕಾದ ಅಂತ ಅರ್ಥ, ಎಲ್ಲಾ ತೆಗೆದು ಬದಲಿಸಬೇಕು. ಹೌಸಿಂಗ್ ಮ್ಯಾಲಿನ ಗಾಳಿ ತೂತು ಮಣ್ಣಿನಿಂದ ಮುಚ್ಚಿದ್ರ ಒಳಗ ಒತ್ತಡ ಕೂತು ಸೀಲು ಸೋರ್ತದ, ಅದನ್ನ ತಂತಿಯಿಂದ ಬಿಡಿಸ್ತೀವಿ. ಮುಂದಿನ ಗೇರು ಹಾಕಿ ಡಾಂಬರ್ ರಸ್ತಾದ ಮ್ಯಾಲ ಓಡಿಸಲ್ಲ. ತಿರುವಿನಾಗ ಮುಂದಿನ ಗಾಲಿ, ಹಿಂದಿನ ಗಾಲಿ ಬ್ಯಾರೆ ಬ್ಯಾರೆ ದೂರ ಓಡ್ತಾವ. ರಾಡಿಯಾಗ ಗಾಲಿ ಜಾರಿ ಆ ಲೆಕ್ಕ ಚುಕ್ತಾ ಆಗ್ತದ, ಡಾಂಬರಿನಾಗ ಜಾರಲ್ಲ, ಕ್ರಾಸ್ ಮುರೀತಾವ.

ಮತ್ತೊಂದು ಮಾತು, ಇದನ್ನ ಮಾತ್ರ ಮರೀಬ್ಯಾಡ್ರಿ. ಇಂಥ ಜೀಪಿನ ಹಿಂದಿನ ಒಂದೇ ಗಾಲಿ ಜ್ಯಾಕ್ ಹಚ್ಚಿ ಎತ್ತಿದ್ರ, ಹ್ಯಾಂಡ್‌ಬ್ರೇಕು ಎಷ್ಟೇ ಬಿಗಿ ಇರಲಿ, ಗಾಡಿ ಉರುಳಬಹುದು. ಬ್ರೇಕು ಹಿಡಿದದ್ದು ಶಾಫ್ಟನ್ನ. ಎತ್ತಿದ ಗಾಲಿ ಉಲ್ಟಾ ತಿರುಗಿ, ನೆಲದ ಗಾಲಿಗೆ ಮುಂದ ಹೋಗಲಿಕ್ಕ ದಾರಿ ಕೊಡ್ತದ. ಉಳಿದ ಗಾಲಿಗೆ ಎರಡೂ ಕಡಿ ದೊಡ್ಡ ಕಲ್ಲು ಕೊಡದೆ ಕೆಳಗ ಹೋಗಬ್ಯಾಡ್ರಿ. ಬರೀ ಜ್ಯಾಕಿನ ಮ್ಯಾಲ ನಂಬಿ ಮಲಗಬ್ಯಾಡ್ರಿ, ಚಾಸಿ ಕೆಳಗ ಗಟ್ಟಿ ಮರದ ದಿಮ್ಮಿ ಇಡ್ರಿ.

ಇಷ್ಟೆಲ್ಲಾ ಹೇಳಿದ ಮ್ಯಾಲ ಮಗ ಒಂದೇ ಪ್ರಶ್ನೆ ಕೇಳಿದ. "ಉಸ್ತಾದ್ ಇಲ್ಲದಾಗ ಏನ್ ಮಾಡ್ತಿ?"

ಅದಕ್ಕ ನನ್ನ ಹತ್ತಿರ ಉತ್ತರ ಇರಲಿಲ್ಲ. ಉಸ್ತಾದರಿಗೆ ವಯಸ್ಸಾಗ್ಯಾದ. ಈಗ ಸಣ್ಣ ಅಳತಿ ಓದಲಿಕ್ಕ ಮೊಮ್ಮಗನ್ನ ಕರೀತಾರ. ಆ ಮೊಮ್ಮಗನಿಗೆ ಲೇತ್ ಮ್ಯಾಲ ಮನಸ್ಸಿಲ್ಲ. ಊರ ಮಿಸ್ತ್ರಿ ಹತ್ತಿರ ಬರೋ ಹೊಸ ಗಾಡಿಗೆ ಲ್ಯಾಪ್‌ಟಾಪ್ ಹಚ್ಚದೆ ಏನೂ ತಿಳಿಯಲ್ಲ. ಅದು ತಪ್ಪಂತ ಅಲ್ಲ. ಹೊಸ ಗಾಡಿ ಸುರಕ್ಷಿತ, ಹೊಗಿ ಕಡಿಮಿ. ನಮ್ಮ ಮನಿಯ ಹೆಂಗಸರು, ಮಕ್ಕಳು ಕಲಬುರಗಿಗೆ ಹೋಗೋದು ಹೊಸ ಗಾಡಿಯಾಗೇ. ಜೀಪು ಹೊಲದ ದಾರಿಗೆ, ಬಾಳಿ ಗೊನಿಗೆ, ಗೊಬ್ಬರದ ಚೀಲಕ್ಕ ಅಷ್ಟೇ. ಆದರ ಕಬ್ಬಿಣ ಸಾಯೋಕಿಂತ ಮೊದಲು ಕೈ ಸಾಯ್ತದ. ಯೋಕ್‌ನ ಗೀರು ಉಗುರಿಗೆ ತಿಳೀತದ ಅನ್ನೋದು ಕೈಪಿಡಿಯಾಗ ನನಗ ಎಲ್ಲೂ ಸಿಗಲಿಲ್ಲ. ಗಾಡಿ ಕಿಲೋ ಲೆಕ್ಕಕ್ಕ ಹೋದ ದಿನ ಆ ತಿಳುವಳಿಕಿಗೆ ನಮ್ಮ ಮನಿಯಾಗ ಕೆಲಸ ಇರಲ್ಲ, ಕೆಲಸ ಇಲ್ಲದ ತಿಳುವಳಿಕಿ ಯಾರ ನೆನಪಿನಾಗೂ ಉಳಿಯಲ್ಲ.

ಕಡೀಕ ಅಪ್ಪ-ಮಗ ಒಂದು ಒಪ್ಪಂದಕ್ಕ ಬಂದೀವಿ. ಜೀಪು ಇನ್ನೈದು ವರ್ಷ ಇರ್ತದ, ನೋಂದಣಿ ರೊಕ್ಕ ನಾನು ಕಟ್ಟಬೇಕು. ಅವನು ಪ್ರತಿ ರಿಪೇರಿ ಒಂದು ನೂರು ಹಾಳಿ ಪುಸ್ತಕದಾಗ ಬರೆದಿಡಬೇಕು: ಏನು ಕೆಟ್ಟಿತ್ತು, ಯಾಕ ಕೆಟ್ಟಿತು, ಯಾವ ನಂಬರಿನ ಪಾನಾ, ಯಾರು ತೋರಿಸಿದ್ರು. ಮೋಮಿನಪುರಕ್ಕ ಹೋಗೋವಾಗ ಅವನೂ ಬರಬೇಕು.

ಹೋದ ವಾರ ಮುಂದಿನ ಶಾಫ್ಟಿನ ಕ್ರಾಸ್ ಬದಲಿಸಿದೆವು. ನಾನು ಪಾನಾ ಕೊಡೋವ, ಅವನು ಕೆಳಗ ಮಲಗೋವ. ಹಳೆ ಕ್ರಾಸಿನ ಬೇರಿಂಗ್ ಹೊರಗ ಬಂದಾಗ ಅವನು ಅದನ್ನ ಎಸೀಲಿಲ್ಲ. ಒರೆಸಿ, ಹೆಬ್ಬೆರಳಿನ ಉಗುರು ಅಡ್ಡ ಎಳೆದು ನೋಡಿದ. ಆಮ್ಯಾಲ ಎಣ್ಣಿ ಕೈಯಾಗೇ ಪುಸ್ತಕ ತೆಗೆದು ಬರೆದ. ಆ ಹಾಳಿ ಮ್ಯಾಲ ಈಗ ಅವನ ಹೆಬ್ಬೆರಳಿನ ಕಪ್ಪು ಗುರುತು ಅದ.

ನಿಮ್ಮ ಊರಾಗ ಇಂಥ ಉಸ್ತಾದ್, ಇಂಥ ಮಿಸ್ತ್ರಿ ಇದ್ರ ಹೋಗಿ ಒಂದಿನ ಬಾಜೂಕ ಕೂಡ್ರಿ. ಕೈಯಾಗ ಒಂದು ಪುಸ್ತಕ ಇರಲಿ.